ಮುತ್ಯಾನ ಮೆಟ್ಟಿನ ಕೆಳಗೆ ಸೂರ್ಯ

ನಮ್ಮೂರಿಗೆ ರಾಶಿ ಮಷೀನು ಬಂದು ಆಗ ಇನ್ನೂ ಎರಡೇ ವರ್ಷವಾಗಿತ್ತು. ಸಿಂದಗಿಯಿಂದ ಬಾಡಿಗೆಗೆ ಬರುತ್ತಿದ್ದ ಆ ಮಷೀನು ಒಂದು ಮುಂಜಾನೆಯೊಳಗೆ ಇಡೀ ಹೊಲದ ಜೋಳವನ್ನು ನುಂಗಿ, ಒಂದು ಕಡೆ ಕಾಳು, ಇನ್ನೊಂದು ಕಡೆ ಹೊಟ್ಟು ಉಗುಳಿ ಮುಂದಿನ ಹೊಲಕ್ಕೆ ಹೊರಟುಬಿಡುತ್ತಿತ್ತು. ಅದಕ್ಕೂ ಮುಂಚೆ ರಾಶಿ ಎಂದರೆ ಹದಿನೈದು ದಿನದ ಕೆಲಸ, ಹದಿನೈದು ದಿನದ ಹಬ್ಬ. ಸಗಣಿ ಸಾರಿಸಿದ ಕಣ, ಕಣದ ಅಂಚಿಗೆ ಬಿಟ್ಟ ಚಪ್ಪಲಿಗಳ ಸಾಲು, ಬುತ್ತಿಯಲ್ಲಿ ಬಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೂಗಿನೊಳಗೆ ಕಚಗುಳಿ ಇಡುವ ಹೊಟ್ಟಿನ ಧೂಳು. ನೀವು ಆ ಕಡೆಯವರಾದರೆ ಓದುವಾಗಲೇ ಒಂದು ಸೀನು ಬಂದಿರುತ್ತದೆ.

ಕಣದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಮೆಟ್ಟು. ಗಾಳಿ ಬಿಟ್ಟಾಗ ಕಾಳು ತೂರುವವರು ಹತ್ತಿ ನಿಲ್ಲುವ, ಮೂರು ಕಾಲಿನ, ದೊಡ್ಡವರ ಎದೆಮಟ್ಟದ ಎತ್ತರದ ಪೀಠ ಅದು. ಕಾಲುಗಳು ಜಾಲಿಯವು, ಮೇಲಿನ ದಪ್ಪ ಹಲಗೆ ಬೇವಿನದು. ನಮ್ಮ ಮನೆಯ ಮೆಟ್ಟಿನ ಮೇಲೆ ಮೂವತ್ತು ವರ್ಷ ನಿಂತು ತೂರಿದವನು ಮುತ್ಯಾ, ನನ್ನ ಅಪ್ಪನ ಅಪ್ಪ. ಅವನು ನಿಂತು ನಿಂತು ಹಲಗೆಯಲ್ಲಿ ಎರಡು ಹೆಜ್ಜೆಗಳ ತಗ್ಗು ಬಿದ್ದಿತ್ತು. ನಾನು ಕದ್ದು ಹತ್ತಿ ಅದರಲ್ಲಿ ಕಾಲಿಟ್ಟರೆ ಸುತ್ತಲೂ ಇನ್ನೂ ಜಾಗ ಉಳಿಯುತ್ತಿತ್ತು. ಮುತ್ಯಾ ತೀರಿಕೊಂಡ ಮರುವರ್ಷವೇ ಮಷೀನು ಬಂತು. ಅವನ ಹೆಂಡತಿ, ನಮ್ಮ ಆಯಿ, ಮೆಟ್ಟನ್ನು ತೊಳೆದು, ಮೂರೂ ಕಾಲಿಗೆ ವಿಭೂತಿ ಹಚ್ಚಿ, ಕೊಟ್ಟಿಗೆಯ ಮೂಲೆಯಲ್ಲಿ ಇಡಿಸಿದಳು. "ಇದಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದಳು. ಆಯಿ ಅಂದರೆ ನಮ್ಮ ಮನೆಯ ಸುಪ್ರೀಂ ಕೋರ್ಟು. ಅಪ್ಪನೂ ಅದರ ಹತ್ತಿರ ಸುಳಿಯಲಿಲ್ಲ.

ನಾನು ಆರನೇ ಇಯತ್ತೆಗೆ ಹೋದ ಆ ಜೂನ್‌ನಲ್ಲಿ ನಮಗೆ ವಿಜ್ಞಾನಕ್ಕೆ ಜೋಶಿ ಮಾಸ್ತರರು ಬಂದರು. ಮುದ್ದೇಬಿಹಾಳದವರು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಗಾಬರಿಯಾದಾಗ ಎರಡೂ. ಸಾಲಿ ಶುರುವಾದ ಮೊದಲ ವಾರವೇ ಅವರು ಕರಿಹಲಗೆಯ ಮೇಲೆ ದೊಡ್ಡ ಸೊನ್ನೆ ಬರೆದು, ಅದರೊಳಗೆ ಚುಕ್ಕೆ ಇಟ್ಟು, ನಮ್ಮನ್ನು ತಿರುಗಿ ನೋಡಿದರು.

"ಈ ಸೊನ್ನಿ ಸೂರ್ಯಾ. ಈ ಚುಕ್ಕಿ ಶುಕ್ರ. ಬರೂ ಮಂಗಳವಾರ ಶುಕ್ರ ಸೂರ್ಯಾನ ಮುಂದ ಹಾಯ್ದು ಹೋಗ್ತಾನ. ನೂರಾ ಇಪ್ಪತ್ತೆರಡು ವರ್ಷದ ಮ್ಯಾಲ! ಹಿಂದಿನ ಸಲ ಇದನ್ನ ನೋಡಿದವರು ಇವತ್ತ ಭೂಮಿ ಮ್ಯಾಲ ಒಬ್ಬರೂ ಜೀವಂತ ಇಲ್ಲ."

ನನ್ನ ತೋಳಿನ ಮೇಲೆ ಕೂದಲು ನಿಮಿರಿ ನಿಂತವು. ಪಕ್ಕದಲ್ಲಿದ್ದ ಮಲ್ಲು, ಯಾವುದನ್ನೂ ಸುಲಭಕ್ಕೆ ನಂಬದ ಹುಡುಗ, "ಇದು ಗ್ರಹಣ ಏನ್ರಿ? ಹಂಗಾದ್ರ ನಮ್ಮವ್ವ ಹೊರಗ ಬಿಡಂಗಿಲ್ಲ" ಎಂದ. ಮಾಸ್ತರರು ಚೀಲದಿಂದ ಪಂಚಾಂಗವನ್ನೇ ತೆಗೆದು ಮೇಜಿನ ಮೇಲಿಟ್ಟರು. "ಇದರಾಗ ಗ್ರಹಣ ಅಂತ ಬರದಿಲ್ಲ. ನಿಮ್ಮವ್ವಗ ತೋರಸು." ಅಲ್ಲಿಗೆ ಊರಿನ ಅವ್ವಂದಿರೆಲ್ಲ ಸುಮ್ಮನಾದರು.

ಬಿಜಾಪುರದ ಒಂದು ಕಾಲೇಜಿನಿಂದ ಮಾಸ್ತರರು ಒಂದೇ ದಿನದ ಮಟ್ಟಿಗೆ ದುರ್ಬೀನು ತರುವವರಿದ್ದರು. ನಾನು ಊರೆಲ್ಲ ಡಂಗುರ ಹೊಡೆದೆ. "ಎಲ್ಲಾರ್ಕಿಂತ ಮೊದಲ ನಾನ ನೋಡಾಕಿ" ಎಂದು ಮಲ್ಲುಗೆ ದಿನಕ್ಕೆ ನಾಲ್ಕು ಸಲ ಹೇಳಿದೆ. ಮಂಗಳವಾರದ ಹೊತ್ತಿಗೆ ಅವನು ನನ್ನ ಜೊತೆ ಮಾತು ಬಿಟ್ಟಿದ್ದ.

ಅಂದು ಒಂಬತ್ತಕ್ಕೇ ನಲವತ್ಮೂರು ಮಕ್ಕಳು ಬಸ್ ನಿಲ್ಲುವ ಬೇವಿನ ಗಿಡದ ಕೆಳಗೆ ನೆರೆದಿದ್ದೆವು. ಕಲಬುರ್ಗಿಗೆ ಹೋಗುವ ಬಸ್ಸು ಹತ್ತಕ್ಕೆ ಬಂತು. ಮಾಸ್ತರರು ದುರ್ಬೀನನ್ನು ಧೋತರದಲ್ಲಿ ಸುತ್ತಿ, ಕೂಸನ್ನು ಅಪ್ಪಿಕೊಂಡಂತೆ ಎದೆಗೆ ಅಪ್ಪಿ ಇಳಿದರು. ನಾವು ಹೋ ಎಂದು ಕೂಗಿದೆವು. ಬಸ್ಸು ಹೊರಟಿತು. ಮಾಸ್ತರರು ಎರಡು ಹೆಜ್ಜೆ ನಡೆದು ಗಕ್ಕನೆ ನಿಂತರು.

"ಅರೇ ದೇವಾ! ಸ್ಟ್ಯಾಂಡು!"

ದುರ್ಬೀನಿನ ಮೂರು ಕಾಲಿನ ಸ್ಟ್ಯಾಂಡು ಬಸ್ಸಿನ ಟಾಪಿನ ಮೇಲೆ, ಯಾರದೋ ಸೈಕಲ್ಲಿನ ಪಕ್ಕ ಹಗ್ಗ ಕಟ್ಟಿಸಿಕೊಂಡು ಕಲಬುರ್ಗಿಗೆ ಹೊರಟಿತ್ತು. ನಾವೆಲ್ಲ ಬಸ್ಸಿನ ಹಿಂದೆ ಓಡಿದೆವು. ಹಳ್ಳದ ತಿರುವಿನವರೆಗೆ ಓಡಿ, ಹೊಟ್ಟೆತುಂಬ ಧೂಳು ತಿಂದು ಮರಳಿದೆವು.

"ಇರಲಿ, ಇರಲಿ" ಎಂದರು ಮಾಸ್ತರರು. ಅವರ ಮೂಗಿನ ತುದಿಯಲ್ಲಿ ಬೆವರು. "ಸಂಜಿ ಐದರ ತನಕ ವ್ಯಾಳ್ಯಾ ಐತಿ. ಏನರೆ ಮಾಡೂಣು."

ದುರ್ಬೀನಿನಲ್ಲಿ ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣೇ ಹೋಗುತ್ತದೆ ಎಂದು ಅವರು ವಾರವಿಡೀ ಹೇಳಿದ್ದರು. ದುರ್ಬೀನನ್ನು ಸೂರ್ಯನ ಕಡೆ ಹಿಡಿದು, ಹಿಂದಿನ ತುದಿಯಿಂದ ಬರುವ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಬೇಕು. ಚುಕ್ಕೆ ಕಾಣುವುದು ಕಾಗದದಲ್ಲಿ. ಸಾಲಿಯ ಅಂಗಳದಲ್ಲಿ ಮೊದಲು ಮಾಸ್ತರರೇ ಹಿಡಿದು ನಿಂತರು. ಕಾಗದದ ಮೇಲೆ ಬೆಳಕಿನ ದುಂಡು ಬಂತು, ಆದರೆ ಒಂದು ಕ್ಷಣ ನಿಲ್ಲಲಿಲ್ಲ. ಅವರು ಉಸಿರಾಡಿದರೆ ಸೂರ್ಯ ಜಿಗಿಯುತ್ತಿದ್ದ. ಏಳನೇ ಇಯತ್ತೆಯ ಗಟ್ಟಿ ಹುಡುಗನ ಹೆಗಲ ಮೇಲೆ ಇಟ್ಟರು. ಅವನಿಗೆ ನಗು ಬಂತು, ಸೂರ್ಯ ಕಂಪೌಂಡು ದಾಟಿ ಹೋದ.

"ಚುಕ್ಕಿ ಎಲ್ಲೈತ್ರಿ? ಸೂರ್ಯಾನ ಕುಣಿಯಾಕತ್ತಾನ" ಎಂದ ಮಲ್ಲು. ಹೇಳಿದ್ದು ಮಾಸ್ತರರಿಗೆ, ನೋಡಿದ್ದು ನನ್ನನ್ನು.

ಕೊನೆಗೆ ಮೇಜು ತಂದರು. ಎರೆಮಣ್ಣಿನ ಅಂಗಳ, ಹಿಂದಿನ ವಾರದ ಮಳೆಗೆ ಹದವಾಗಿತ್ತು. ಮೇಜಿನ ಒಂದು ಕಾಲು ಒಳಗೆ ಇಳಿದರೆ ಇನ್ನೊಂದು ಮೇಲೆ ಏಳುತ್ತಿತ್ತು. ಅದಕ್ಕೆ ಕಲ್ಲು ಕೊಟ್ಟರೆ ಮೂರನೆಯದು ಅಲುಗಾಡುತ್ತಿತ್ತು. ಹನ್ನೊಂದಾಯಿತು, ಹನ್ನೊಂದೂವರೆ ಆಯಿತು. ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು, "ಜೋಶಿಯವರ, ಆಗಲಿಲ್ಲಂದ್ರ ಹುಡುಗೂರನ್ನ ಒಳಗ ಕಳಸ್ರಿ. ಲೆಕ್ಕದ ಪಾಠರೆ ಆಗಲಿ" ಎಂದು ಹೇಳಿ ಹೋದರು. ಶುಕ್ರ ಆಗಲೇ ಸೂರ್ಯನ ಮೇಲೆ ಇದ್ದ. ನಮ್ಮ ತಲೆಯ ಮೇಲೇ ಇದ್ದ. ನಮಗೆ ಕಾಣುತ್ತಿರಲಿಲ್ಲ.

ಆಗ ಕಂಪೌಂಡಿನ ಕಿಂಡಿಯಿಂದ ಆಯಿ ಬಂದಳು. ನಮ್ಮ ಕೊಟ್ಟಿಗೆ ಸಾಲಿಗೆ ಹೊಂದಿಕೊಂಡೇ ಇತ್ತು. ಮುಂಜಾನೆ ನಾನು ಉಣ್ಣದೆ ಓಡಿದ್ದೆನೆಂದು ರೊಟ್ಟಿ, ಮೊಸರು, ಹಿಂಡಿ ಕಟ್ಟಿಕೊಂಡು ಬಂದಿದ್ದಳು. ಮಾಸ್ತರರು ಮೊಣಕಾಲೂರಿ ಮೇಜಿನ ಕಾಲಿಗೆ ಕಲ್ಲು ತುರುಕುತ್ತಿರುವುದನ್ನು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ತಡೆಯಲಾಗಲಿಲ್ಲ.

"ಮಾಸ್ತರ, ನಾಲ್ಕ ಕಾಲಿಂದು ಎರಿಯಾಗ ಎಲ್ಲಿ ನಿಂದರತೈತ್ರಿ? ಒಂದರೆ ಕಾಲು ಗಾಳ್ಯಾಗ ಇರೂದ. ಮೂರ ಕಾಲಿಂದು ಬೇಕು. ಮೂರ ಕಾಲಿಂದು ಎಲ್ಲಿ ಇಟ್ರೂ ಮೂರೂ ನೆಲ ಹಿಡಿತಾವು. ನಮ್ಮ ಮೆಟ್ಟು..."

ಅಲ್ಲಿಗೆ ನಿಲ್ಲಿಸಿದಳು. ಆದರೆ ಮಾತು ಬಾಯಿಂದ ಬಿದ್ದಿತ್ತು. ನಲವತ್ಮೂರು ಮಕ್ಕಳು ನಮ್ಮ ಕೊಟ್ಟಿಗೆಯ ಕಡೆ ತಿರುಗಿದೆವು.

ಕೊನೆಗೆ ಆಯಿಯೇ ಮುಂದೆ ನಿಂತು ಮೆಟ್ಟನ್ನು ತರಿಸಿ ಅಂಗಳದಲ್ಲಿ ಇಡಿಸಿದಾಗ ಮಾಸ್ತರರು ಅದರ ಸುತ್ತ ಎರಡು ಸಲ ತಿರುಗಿದರು. ಕೈಯಿಂದ ದೂಡಿ ನೋಡಿದರು. ಬಂಡೆಯಂತೆ ನಿಂತಿತ್ತು. ಅವರ ಮುಖ ಅರಳಿತು, ಮರುಕ್ಷಣ ಬಾಡಿತು. ಜೂನ್ ತಿಂಗಳ ಮಧ್ಯಾಹ್ನ ನಮ್ಮ ಕಡೆ ಸೂರ್ಯ ನಡುನೆತ್ತಿಗೇ ಬರುತ್ತಾನೆ. ದುರ್ಬೀನು ನೆಟ್ಟಗೆ ಮೇಲೆ ನೋಡಬೇಕು, ಬಿಂಬ ನೆಟ್ಟಗೆ ಕೆಳಗೆ ಬೀಳಬೇಕು. ಹಲಗೆಯ ನಡುವೆ ತೂತು ಇದ್ದರೆ ದುರ್ಬೀನನ್ನು ಅದರಲ್ಲಿ ಇಳಿಬಿಟ್ಟು, ಕಾಲುಗಳ ನಡುವೆ ಕಾಗದ ಇಡಬಹುದಿತ್ತು. ಅದನ್ನು ಅವರು ಬಹಳ ಮೆಲ್ಲಗೆ ಹೇಳಿದರು.

"ತೂತಾ?" ಎಂದಳು ಆಯಿ. "ಇದಕ? ಆಗಂಗಿಲ್ರಿ."

"ಆಯಿ!" ಎಂದೆ ನಾನು.

"ಬಾಯಿ ಮುಚ್ಚು. ಇದರ ಮ್ಯಾಲ ನಾನೂ ಎಂದೂ ಕಾಲಿಟ್ಟಿಲ್ಲ. ಮೂವತ್ತ ವರ್ಷ ಅನ್ನ ಕೊಟ್ಟೈತಿ."

ಮಾಸ್ತರರು ಬಲವಂತ ಮಾಡಲಿಲ್ಲ. "ಹೌದ್ರಿ ಆಯಿ, ನೀವ್ ಹೇಳೂದು ಖರೇನ ಐತಿ" ಎಂದು ದುರ್ಬೀನಿಗೆ ಮತ್ತೆ ಧೋತರ ಸುತ್ತತೊಡಗಿದರು. ಅದನ್ನು ನೋಡಿ ಸಣ್ಣವನೊಬ್ಬ ಅಳಲು ಶುರು ಮಾಡಿದ. ಅವನ ನೆಪ ಸಿಕ್ಕಿದ್ದೇ ನಾನೂ ಅತ್ತೆ, ಜೋರಾಗಿಯೇ ಅತ್ತೆ.

ಆಯಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. "ಅಲ್ರಿ ಮಾಸ್ತರ, ಇದನ್ನ ನಮ್ಮ ಮನಿಯವರು ನೋಡಿದ್ದರೇನು?"

"ಇಲ್ರಿ. ಅವರಪ್ಪನೂ ನೋಡಿಲ್ಲ. ಯಾರೂ ನೋಡಿಲ್ಲ."

"ನನಗೂ ತೋರಸ್ತೀರಿ?"

"ಮೊದಲ ನಿಮಗರಿ!"

ಆಯಿ ಹಲಗೆಯನ್ನು ಒಮ್ಮೆ ನೋಡಿದಳು. "ಮಾನಪ್ಪನ್ನ ಕರೀರಿ. ಎರಡೂ ಹೆಜ್ಜಿ ನಡುವ ಕೊರೀಲಿ. ಹೆಜ್ಜಿಗೆ ಉಳಿ ತಾಗಿದ್ರ ಅವನ ಕೈ ಮುರಿತೇನಿ."

ಬಡಿಗೇರ ಮಾನಪ್ಪ ಉಳಿ, ಕೊಡತಿ ಹಿಡಿದು ಬಂದ. ದುರ್ಬೀನಿನ ದಪ್ಪಕ್ಕೆ ಅಳತೆ ಬೇಕಾಯಿತು. ನಾನು ಮನೆಗೆ ಓಡಿ ಅವ್ವನ ಹಸಿರು ಬಳೆ ತಂದೆ, ಅದು ಕೊಳವೆಗೆ ಹೇಳಿ ಮಾಡಿಸಿದಂತೆ ಕೂತಿತು. ಬಳೆಯಿಟ್ಟು ಸುತ್ತಲೂ ಗೆರೆ ಎಳೆದು ಮಾನಪ್ಪ ಕೊರೆಯಲು ಕೂತ. ಉಳಿ ಜಾರೀತೆಂದು ಆಯಿ ಹಲಗೆಯ ಮೇಲೆ ಬಾಗಿ, ಮುತ್ಯಾನ ಎರಡೂ ಹೆಜ್ಜೆಗಳ ತಗ್ಗಿನಲ್ಲಿ ತನ್ನ ಎರಡೂ ಅಂಗೈ ಒತ್ತಿ ಹಿಡಿದಳು. ಪೂರ್ತಿ ಕೊರೆಯುವವರೆಗೆ ತೆಗೆಯಲಿಲ್ಲ. ಬೇವಿನ ಸಿಪ್ಪೆ ಅವಳ ಕೈಮೇಲೆ ಹಾರಿ ಬೀಳುತ್ತಿತ್ತು.

ಆಮೇಲೆ ನೋಡಿ, ಅಂಗಳವೆಲ್ಲ ಕಣವಾಯಿತು! ದುರ್ಬೀನಿನ ಅಗಲವಾದ ತಲೆ ಹಲಗೆಯ ಮೇಲೆ ಕೂತಿತು, ಬಾಲ ಕೆಳಗೆ ಇಳಿಯಿತು. ಸಂದಿಗೆ ಅರಿವೆ ತುರುಕಿದರು. ಕೆಳಗೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹಿಟ್ಟು ನಾದುವ ನಮ್ಮ ಹಿತ್ತಾಳೆ ಪರಾತ, ಪರಾತದ ಮೇಲೆ ಬಿಳಿ ಕಾಗದ. ಮೂರೂ ಕಾಲಿನ ಸುತ್ತ ಕರೀ ಕಂಬಳಿ ಸುತ್ತಿದರು. ಮಾಸ್ತರರು ಕುರ್ಚಿಯ ಮೇಲೆ ನಿಂತು ಕೊಳವೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಇಳಿದು ಕಂಬಳಿಯೊಳಗೆ ಇಣುಕಿ, ಮತ್ತೆ ಹತ್ತಿ ಸರಿಸಿ, ಇದ್ದಕ್ಕಿದ್ದಂತೆ "ಆಲಾ! ಆಲಾ! ಬಂದ!" ಎಂದು ಕಿರುಚಿದರು. ಅವರಷ್ಟು ದೊಡ್ಡ ಮನುಷ್ಯ ಹಾಗೆ ಕುಣಿದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಬರ್ರಿ ಆಯಿ, ಮೊದಲ ನೀವು."

"ನಾ ಕಡೀಕ. ಹುಡುಗೂರು ಮುಂಜಾನಿಂದ ಕುಂತಾವು" ಎಂದು ಆಯಿ ಕಂಬಳಿಯ ಬಾಯಿಗೆ ನಿಂತುಬಿಟ್ಟಳು. "ಚಪ್ಪಲಿ ಬಿಡ್ರೆಲೇ! ಸಾಲಿಗೆ ನಿಂದರ್ರಿ!" ನನ್ನ ನೆತ್ತಿಯ ಮೇಲೆ ಕೈಯಿಟ್ಟು ಒಳಗೆ ದೂಡಿ, "ಲಾಭ" ಎಂದಳು.

ಕಣದಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಮಕ್ಕಳನ್ನೂ ಆಯಿ ಹಾಗೆಯೇ ಎಣಿಸಿದಳು.

ಒಳಗೆ ಕುರಿ ಉಣ್ಣೆಯ ಬಿಸಿ ವಾಸನೆ. ಕತ್ತಲು. ಕತ್ತಲ ನಡುವೆ ಪರಾತದ ಮೇಲೆ ಸೂರ್ಯ, ಅಲುಗದೆ, ಸಣ್ಣ ರೊಟ್ಟಿಯಷ್ಟು ದುಂಡಗೆ. ಅದರ ಮೇಲೆ ಒಂದು ಎಳ್ಳುಕಾಳು. ಸಜ್ಜೆ ರೊಟ್ಟಿಗೆ ಹಚ್ಚಿದ ಎಳ್ಳೆಲ್ಲ ಉದುರಿ ಒಂದೇ ಉಳಿದಂತೆ. ಅದು ಶುಕ್ರ. ನಾನು ಉಸಿರು ಬಿಗಿಹಿಡಿದೆ. ಹೊರಗೆ ನೂರು ಮಾತು ಕೇಳುತ್ತಿತ್ತು, ನನಗೆ ಯಾರೂ ಬೇಕಿರಲಿಲ್ಲ. ಅಷ್ಟು ಖುಷಿ ನನಗೆ ಆಮೇಲೆ ಮದುವೆಯಲ್ಲೂ ಆಗಿಲ್ಲ, ನಮ್ಮವರು ಇದನ್ನು ಓದಿದರೂ ಚಿಂತೆಯಿಲ್ಲ.

"ಸಾಕು, ಹೊರಗ ಬಾ. ಎರಡು!" ಎಂದಿತು ಆಯಿಯ ದನಿ. ಎರಡು ಮಲ್ಲು. ಹೊರಬಂದವನೇ ನನ್ನ ಕೈ ಹಿಡಿದು ಜಗ್ಗಿದ. ಮಾತು ಬಿಟ್ಟಿದ್ದು ಅಲ್ಲಿಗೆ ಮುಗಿಯಿತು.

ಒಬ್ಬೊಬ್ಬರಿಗೆ ಎರಡು ನಿಮಿಷ. ಸೂರ್ಯ ಪಡುವಣಕ್ಕೆ ಸರಿದಂತೆ ಬಿಂಬವೂ ಪರಾತ ಬಿಟ್ಟು ಸರಿಯುತ್ತಿತ್ತು. ಮಾಸ್ತರರು ಕೊಳವೆ ಓರೆ ಮಾಡಿ ಮಾಡಿ ಸೋತರು. ಆಯಿ ಮೂಡಣದ ಕಾಲಿನ ಕೆಳಗೆ ಇಟ್ಟಿಗೆ ಇಡಿಸಿ, ಇನ್ನೆರಡು ಕಾಲಿಗೆ ಕುಳಿ ತೋಡಿಸಿ, ಹಸಿ ಎರೆಮಣ್ಣು ಮೆತ್ತಿಸಿದಳು. "ಗಾಳಿ ತಿರುಗಿದಂಗ ಮೆಟ್ಟು ಹೊಳ್ಳಸತಿದ್ವಿ. ಈಗ ಸೂರ್ಯಾ ಹೊಳ್ಳಿದಂಗ ಹೊಳ್ಳಸೂದು. ಅಷ್ಟ." ಬಿಂಬ ಮತ್ತೆ ಪರಾತದ ನಡುವೆ ಬಂದು ಕೂತಿತು. ಮಾಸ್ತರರು ಅವಳಿಗೆ ಕೈಮುಗಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ನನಗೆ ಒಂದು ಸಲ ನೋಡಿ ತೃಪ್ತಿಯಾಗಿರಲಿಲ್ಲ. ಗೆಳತಿಯ ಓಢಣಿ ತಲೆಗೆ ಹೊದ್ದು, ಎಣಿಕೆ ಇಪ್ಪತ್ತರ ಸುಮಾರಿಗೆ ಬಂದಾಗ ಮತ್ತೆ ಸಾಲು ಸೇರಿದೆ. ಆಯಿಗೆ ದೃಷ್ಟಿ ಮಂದ, ನೆತ್ತಿ ಮುಟ್ಟಿ ಎಣಿಸಿ ಒಳಗೆ ಬಿಟ್ಟಳು. ಗೆದ್ದೆ ಎಂದುಕೊಂಡೆ. ಎಳ್ಳು ಆಗ ಸ್ವಲ್ಪ ಸರಿದಿತ್ತು! ಅದು ಇನ್ನೂ ಎಷ್ಟು ಸರಿದೀತೆಂದು ನೋಡದೆ ಇರಲಾಗಲಿಲ್ಲ. ಕೊನೆಯಲ್ಲಿ ಏಳನೇ ಇಯತ್ತೆಯ ಎತ್ತರದ ಹುಡುಗಿಯರ ಹಿಂದೆ ಬಗ್ಗಿ ಮೂರನೆಯ ಸಲ ಹೋದೆ. ನೆತ್ತಿಯ ಮೇಲೆ ಕೈ ಬಿತ್ತು. "ನಲವತ್ತೈದು" ಎಂದಳು ಆಯಿ.

ನಾನು ಹೊರಬಂದಾಗ ಅಂಗಳದ ಮೇಲೆ ನೆರಳು ಓಡಿ ಬರುತ್ತಿತ್ತು. ಆಲಮಟ್ಟಿಯ ಕಡೆಯಿಂದ ಮೋಡ ಎದ್ದಿತ್ತು. ಆಯಿ ಸೆರಗು ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ಮೊಣಕಾಲು ಹಿಡಿದುಕೊಂಡು ಬಗ್ಗಿ ಒಳಗೆ ಹೋದಳು. ಬಿಸಿಲು ನಂದಿತು.

"ಸ್ವಲ್ಪ ತಡೀರಿ ಆಯಿ, ಮೋಡ ಸರೀತೈತಿ" ಎಂದು ಮಾಸ್ತರರು ಕುರ್ಚಿಯ ಮೇಲಿಂದ ಆಕಾಶ ನೋಡುತ್ತಲೇ ಇದ್ದರು. ಸರಿಯಲಿಲ್ಲ. ನಾಲ್ಕಾಯಿತು, ಐದಾಯಿತು. ನಾಲ್ಕು ದಪ್ಪ ಹನಿ ಬಿದ್ದು ದುರ್ಬೀನು ಒಳಗೆ ಹೋಯಿತು. ಆಯಿ ಕಂಬಳಿ ಝಾಡಿಸುತ್ತಿದ್ದಳು.

"ಏನರೆ ಕಂಡತೇನ ಆಯಿ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಮೋಡ ಕಂಡತು. ಬಿತ್ತಾಕ ಬೇಕಲ್ಲ, ಅದೂ ಚೊಲೋನ ಐತಿ."

ಮಾಸ್ತರರು ಹಾಜರಿ ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. "ಆಯಿ, ಹುಡುಗೂರು ನಲವತ್ಮೂರು. ನಿಮ್ಮ ಎಣಿಕಿ ನಲವತ್ತೈದು ಬಂತಲ್ರಿ?"

"ಕಣದಾಗ ಎಣಿಕಿ ಹೆಚ್ಚ ಬಂದ್ರ ನಾವು ಹುಲುಸು ಅಂತೀವ್ರಿ. ಯಾರ್ನೂ ಕೇಳಂಗಿಲ್ಲ" ಎಂದು ಆಯಿ ಪರಾತ ಎತ್ತಿಕೊಂಡು ಹೊರಟಳು.

ಅವಳಿಗೆ ಗೊತ್ತಾಗಿಲ್ಲ ಎಂದೇ ನಾನು ನಂಬಿದ್ದೆ. ಮರುದಿನ ಮುಂಜಾನೆ ದಿನದಂತೆ ನನ್ನನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ತಲೆ ಬಾಚಿದಳು. ನನ್ನ ನೆತ್ತಿಯಲ್ಲಿ ಜೋಡಿ ಸುಳಿ ಇದೆ. ಇಡೀ ಸಾಲಿಯಲ್ಲಿ ನನಗೊಬ್ಬಳಿಗೇ ಇದ್ದದ್ದು. ಬಾಚಣಿಗೆ ನಿಲ್ಲಿಸಿ ಆಯಿ ಆ ಸುಳಿಗಳ ಮೇಲೆ ಬೆರಳಿನಿಂದ ಮೆಲ್ಲಗೆ ಕುಟ್ಟಿದಳು.

"ಲಾಭ. ಎರಡು. ಮೂರು."

ಅಷ್ಟೇ. ಬೈಯಲಿಲ್ಲ, ನಕ್ಕಳು. ನಾನು ಅವಳ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತೆ. "ಎಂಟ ವರ್ಷಕ್ಕ ಹೊಳ್ಳಿ ಬರತೈತಂತ ಆಯಿ. ಮಾಸ್ತರು ಹೇಳ್ಯಾರ. ಅವಾಗ ನೀನ ಲಾಭ" ಎಂದೆ. "ಆಗಲಿ, ಕಾಯ್ತೇನಿ" ಎಂದಳು.

ಅದೇ ದಿನ ಕಳೆದುಹೋದ ಸ್ಟ್ಯಾಂಡು ಕಲಬುರ್ಗಿಯಿಂದ ಮರಳುವ ಬಸ್ಸಿನಲ್ಲಿ ಬಂದಿಳಿಯಿತು. ಅಲ್ಯೂಮಿನಿಯಂ ಕಾಲು, ಕರೀ ರಬ್ಬರಿನ ಪಾದ. ಆಯಿ ಎತ್ತಿ ನೋಡಿ, "ಇದ? ಇದು ಗಾಳಿ ಬಿಟ್ರ ಇಂಡಿ ತಾಲೂಕಿಗೆ ಹೋಗಿ ಬೀಳತೈತಿ" ಎಂದು ಮಾಸ್ತರರನ್ನು ನಗಿಸಿದಳು.

ಆಯಿ ಕಾದದ್ದು ಆರು ವರ್ಷ. ಎಂಟನೆಯ ವರ್ಷ ಶುಕ್ರ ಹೇಳಿದ ಮಾತಿಗೆ ತಪ್ಪದೆ ಬಂದ. ನಾನಾಗ ಬಿಜಾಪುರದಲ್ಲಿ ಓದುತ್ತಿದ್ದೆ. ಕಾಲೇಜಿನ ಮಾಳಿಗೆಯ ಮೇಲೆ ಉಕ್ಕಿನ ಸ್ಟ್ಯಾಂಡಿಗೆ ದೊಡ್ಡ ದುರ್ಬೀನು ಬಿಗಿದಿದ್ದರು, ಬಿಂಬ ಒಂದಿಷ್ಟೂ ನಡುಗಲಿಲ್ಲ. ಎಳ್ಳು ಹಾಗೆಯೇ ಇತ್ತು. "ಸಾಲಿನ್ಯಾಗ ಯಾರೂ ಇಲ್ಲ, ಬೇಕಾದ್ರ ಇನ್ನೊಮ್ಮೆ ನೋಡ್ರಿ" ಎಂದರು ಅಲ್ಲಿಯ ಮೇಷ್ಟ್ರು. ನಾನು ಬೇಡವೆಂದು ಇಳಿದು ಬಂದೆ. ಮೆಟ್ಟಿಲಿಳಿಯುವಾಗ ಅವರು ಬೇರೆ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು, ಇನ್ನು ಇದು ಬರುವುದು ನೂರಾ ಐದು ವರ್ಷಕ್ಕೆ.

ಈಗ ನಮ್ಮೂರಲ್ಲಿ ಕಣವೇ ಇಲ್ಲ. ಕಾಳನ್ನು ಕರೆಂಟಿನ ತಕ್ಕಡಿ ತೂಗುತ್ತದೆ, ಕೆಂಪು ಅಂಕಿ ತೋರಿಸುತ್ತದೆ, ಲಾಭ ಎಂದು ಶುರು ಮಾಡುವವರು ಯಾರೂ ಇಲ್ಲ. ಮೆಟ್ಟು ನನ್ನ ಮನೆಯಲ್ಲಿದೆ. ಮಧ್ಯಾಹ್ನ ಅಂಗಳದಲ್ಲಿ ಇಟ್ಟರೆ ಎರಡು ಹೆಜ್ಜೆಗಳ ನಡುವಿನ ತೂತಿನಿಂದ ಬಿಸಿಲು ಇಳಿದು ನೆಲದ ಮೇಲೆ ದುಂಡಗೆ ಬೀಳುತ್ತದೆ. ನನ್ನ ಮಗಳು ಅದರಲ್ಲಿ ಕೈಯಿಟ್ಟು ಆಡುತ್ತಾಳೆ. ನಾನು ಹಲಗೆಯ ತಗ್ಗಿನಲ್ಲಿ ಅಂಗೈ ಇಟ್ಟು ನೋಡುತ್ತೇನೆ. ಆಯಿ ಬಗ್ಗಿ ಒಳಗೆ ಹೋಗುವುದಕ್ಕೆ ಮೊದಲು ಎರಡು ನಿಮಿಷ ಬಿಸಿಲಿತ್ತು, ಆ ಎರಡು ನಿಮಿಷ ಒಳಗಿದ್ದವಳು ನಾನು.